ಕಾಡಿನ ಪ್ರವಾಸ: ಹೋಗುವ ಮುನ್ನ, ಬಂದ ನಂತರ

ಬನಶಂಕರಿ ಎಂದರೆ ಬನದ ತಾಯಿ, ಕಾಡಿನ ದೇವತೆ. ದೇವಸ್ಥಾನದ ಸುತ್ತಲಿನ ಪ್ರದೇಶಕ್ಕೆ ಪುರಾಣದಲ್ಲಿ ತಿಲಕಾರಣ್ಯವೆಂಬ ಹೆಸರಿದೆ. ಆದರೆ ಈಗಿನ ಬಾದಾಮಿ ಸೀಮೆ ಬಯಲುನಾಡು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಅದೇ ಹೆಚ್ಚು. ಹೀಗಾಗಿ ಬನದ ಹುಣ್ಣಿಮೆಯ ತೇರು ಎಳೆದು, ಜಾತ್ರೆಯ ನಾಟಕಗಳನ್ನು ನೋಡಿ ಮುಗಿಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹಸಿರು ಕಾಡು ನೋಡಿ ಬರುವ ಮಾತು ಶುರುವಾಗುತ್ತದೆ. ಹೆಚ್ಚಿನವರು ಹುಬ್ಬಳ್ಳಿ ದಾಟಿ ದಾಂಡೇಲಿ, ಯಲ್ಲಾಪುರದ ಕಡೆಗೆ ಹೋಗುತ್ತಾರೆ. ಕೆಲವರು ಜೋಗ, ಆಗುಂಬೆಗೆ ಹೋಗುತ್ತಾರೆ. ಇತ್ತೀಚೆಗೆ ವಿದೇಶದಲ್ಲಿ ನೌಕರಿ ಮಾಡುವ ಮಕ್ಕಳ ಜತೆ ಗೊರಿಲ್ಲಾ ನೋಡಲು ಮಧ್ಯ ಆಫ್ರಿಕದ ಮಳೆಕಾಡಿಗೆ ಹೊರಡುವ ತಂದೆ-ತಾಯಿಯರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ.

ಎಲ್ಲಿಗೇ ಹೋಗಲಿ, ಬಟ್ಟೆ, ಬುತ್ತಿ, ಟಿಕೆಟ್ಟುಗಳ ಬಗ್ಗೆ ಮಾಡಿಕೊಳ್ಳುವಷ್ಟು ತಯಾರಿಯನ್ನು ಆರೋಗ್ಯದ ಬಗ್ಗೆ ಯಾರೂ ಮಾಡಿಕೊಳ್ಳುವುದಿಲ್ಲ. ಕಾಡಿನಲ್ಲಿ ಹುಲಿ, ಹಾವುಗಳಿಗೆ ಹೆದರುತ್ತೇವೆ. ಅವುಗಳಿಂದ ಪ್ರವಾಸಿಗಳಿಗೆ ತೊಂದರೆಯಾಗುವುದು ಅಪರೂಪ. ನಿಜವಾದ ತೊಂದರೆ ಕೊಡುವ ಸೊಳ್ಳೆ, ಉಣ್ಣೆ, ನುಸಿ ಹುಳುಗಳು ಕಣ್ಣಿಗೆ ಬೀಳುವುದೇ ಕಷ್ಟ. ಅವು ಅಂಟಿಸುವ ರೋಗ ಕಾಡಿನಲ್ಲಿರುವಾಗ ಕಾಣಿಸಿಕೊಳ್ಳುವುದೂ ಕಡಿಮೆ. ಊರಿಗೆ ಮರಳಿ, ಬಟ್ಟೆ ಒಗೆದು, ಫೋಟೋ ತೋರಿಸಿ ಎಲ್ಲ ಮರೆತ ಮೇಲೆ ಜ್ವರ ಬರುತ್ತದೆ. ಆಗ ವೈದ್ಯರ ಮುಂದೆ ಕುಳಿತ ರೋಗಿ ಜ್ವರದ ವಿಷಯ ಹೇಳುತ್ತಾನೆ, ಕಾಡಿಗೆ ಹೋಗಿದ್ದ ವಿಷಯ ಹೇಳುವುದಿಲ್ಲ. ಈ ವಾರದ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ: ಕಾಡಿನ ಪ್ರವಾಸ ಮನೆಗೆ ಬಂದ ದಿನ ಮುಗಿಯುವುದಿಲ್ಲ.

ಕ್ಯಾಸನೂರು ಕಲಿಸಿದ ಪಾಠ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳ ಜನರಿಗೆ ಭಯಂಕರ ಜ್ವರ ಬಂದಿತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿರುವ ಹಳದಿ ಜ್ವರವೂ ಮಂಗಗಳನ್ನು ಕೊಲ್ಲುವ ರೋಗವಾದ್ದರಿಂದ, ಅದೇ ರೋಗ ಭಾರತಕ್ಕೆ ಬಂದುಬಿಟ್ಟಿತೇ ಎಂದು ವಿಜ್ಞಾನಿಗಳು ಗಾಬರಿಗೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದು ಹಳದಿ ಜ್ವರವಲ್ಲ, ಉಣ್ಣೆಗಳಿಂದ ಹರಡುವ ಹೊಸದೊಂದು ವೈರಸ್ ಎಂದು ತಿಳಿಯಿತು. ಮಲೆನಾಡಿನ ಜನ ಇದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ವೈದ್ಯಕೀಯದಲ್ಲಿ ಇದರ ಹೆಸರು ಕ್ಯಾಸನೂರು ಅರಣ್ಯ ರೋಗ.

ಈ ರೋಗ ಹಳೆಯ ಕಾಲದ್ದೆಂದು ತಿಳಿಯಬೇಡಿ. 2012ರ ನಂತರ ಬಂಡೀಪುರ, ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಪಶ್ಚಿಮ ಘಟ್ಟದ ಉದ್ದಕ್ಕೂ ಇದು ಕಾಣಿಸಿಕೊಂಡಿದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಪ್ರಾಣ ಕಳೆದುಕೊಂಡರು. 2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಸಾವುಗಳಾದವು. ರೋಗ ತಗುಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ.

ದನ, ನಾಯಿಗಳ ಮೈಮೇಲೆ ಕಾಣುವ ಉಣ್ಣೆಯನ್ನು ನೀವು ನೋಡಿದ್ದೀರಿ. ಕಾಡಿನ ಉಣ್ಣೆಯ ಮರಿಗಳು ಸಾಸಿವೆ ಕಾಳಿಗಿಂತ ಚಿಕ್ಕವು. ಅವು ಒಣಗಿದ ಎಲೆಗಳ ಮೇಲೆ, ಮೊಣಕಾಲೆತ್ತರದ ಗಿಡಗಳ ಮೇಲೆ ಕಾದಿದ್ದು, ಹಾದುಹೋಗುವ ಪ್ರಾಣಿಯನ್ನೋ ಮನುಷ್ಯನನ್ನೋ ಹತ್ತುತ್ತವೆ. ಇವುಗಳ ಹಾವಳಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಜಾತ್ರೆ ಮುಗಿಸಿ, ಪರೀಕ್ಷೆ ಮುಗಿಸಿ ನಾವು ಕಾಡಿಗೆ ಹೊರಡುವ ಕಾಲವೂ ಸರಿಯಾಗಿ ಅದೇ!

ಮಂಗನ ಕಾಯಿಲೆ ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡುವುದಿಲ್ಲ. ಬಾದಾಮಿಯ ಗುಹೆಗಳ ಹತ್ತಿರ ಕೈಚೀಲ ಕಿತ್ತುಕೊಳ್ಳುವ ಮಂಗಗಳನ್ನು ನೋಡಿ ಈ ರೋಗಕ್ಕಾಗಿ ಹೆದರುವ ಕಾರಣವೂ ಇಲ್ಲ. ಇದು ಮಲೆನಾಡಿನ ಕಾಡಿಗೆ ಅಂಟಿಕೊಂಡ ರೋಗ. ಆದರೆ ಮಂಗ ಎಲ್ಲಿಯದೇ ಇರಲಿ, ಅದು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ರೇಬೀಸಿನ ಭಯ ಇದ್ದೇ ಇದೆ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಬೇಕು.

ಹೊರಡುವ ಮೊದಲಿನ ತಯಾರಿ

ನಮ್ಮ ರಾಜ್ಯದ ಕಾಡಿಗಾದರೆ ಎರಡು ವಾರ ಮೊದಲು, ಆಫ್ರಿಕಕ್ಕಾದರೆ ಆರು ವಾರ ಮೊದಲು ನಿಮ್ಮ ವೈದ್ಯರನ್ನು ಕಾಣಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ದಿನವೂ ನುಂಗುವ ಗುಳಿಗೆಗಳನ್ನು ಪ್ರವಾಸದ ದಿನಗಳ ಎರಡರಷ್ಟು ತೆಗೆದುಕೊಂಡು, ಅರ್ಧವನ್ನು ನಿಮ್ಮ ಕೈಚೀಲದಲ್ಲಿ, ಇನ್ನರ್ಧವನ್ನು ಮನೆಯ ಮತ್ತೊಬ್ಬರ ಚೀಲದಲ್ಲಿ ಇಡಿ. ಒಂದು ಚೀಲ ಕಳೆದರೂ ಔಷಧ ತಪ್ಪುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಬಿಡಬಾರದು. ಧನುರ್ವಾತದ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಿ.

ಮಂಗನ ಕಾಯಿಲೆಗೆ ಮೊದಲು ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಅಲ್ಲಿಯವರೆಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಮತ್ತು ಮೈತುಂಬ ಬಟ್ಟೆ, ಇವೆರಡೇ ರಕ್ಷಣೆ. ಉಣ್ಣೆ ಕಚ್ಚದಂತೆ ತಡೆಯುವ ಡಿ.ಇ.ಪಿ.ಎ. ಎಣ್ಣೆಯನ್ನು ರೋಗವಿರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಜನರಿಗೆ ಹಂಚುತ್ತಾರೆ. ನೀವು ಇಳಿದುಕೊಳ್ಳುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ವಿಚಾರಿಸಿ. ಆ ವರ್ಷ ಅಲ್ಲಿ ಮಂಗಗಳು ಸತ್ತಿವೆಯೇ ಎಂದೂ ಕೇಳಿ. ಸತ್ತಿದ್ದರೆ ಆ ಕಾಡಿನೊಳಗೆ ಕಾಲಿಡುವುದು ಬೇಡ. ಪ್ರವಾಸವನ್ನು ಮತ್ತೊಂದು ದಿಕ್ಕಿಗೆ ತಿರುಗಿಸಿ.

ಬಟ್ಟೆಯ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ಒಂದು ಮಾತು. ಇಳಕಲ್ ಸೀರೆ ಡಮಾಮಿ ಕುಣಿತ ನೋಡುವ ಸಂಜೆಗೆ ಚೆಂದ. ಕಾಡಿನ ಕಾಲುದಾರಿಯಲ್ಲಿ ಸೀರೆಯ ನೆರಿಗೆಯಾಗಲಿ, ಗಂಡಸರ ಧೋತರದ ಅಂಚಾಗಲಿ ತರಗೆಲೆಗಳ ಮೇಲೆ ಎಳೆದುಕೊಂಡು ಹೋಗಿ ಉಣ್ಣೆಗಳನ್ನೆಲ್ಲ ಗುಡಿಸಿಕೊಂಡು ಬರುತ್ತದೆ. ಉದ್ದ ತೋಳಿನ ಅಂಗಿ, ಪ್ಯಾಂಟು ಅಥವಾ ಸಲ್ವಾರ್, ಅದರ ಅಂಚನ್ನು ಒಳಗೆ ಸೇರಿಸಿ ಮೇಲೆ ಎಳೆದುಕೊಂಡ ಕಾಲುಚೀಲ, ಮುಚ್ಚಿದ ಬೂಟು ಇರಲಿ. ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ ಹುಳು ಕಣ್ಣಿಗೆ ಕಾಣುತ್ತದೆ.

ಬುತ್ತಿಯ ವಿಷಯದಲ್ಲಿ ನಮ್ಮ ಕಡೆಯವರು ಜಾಣರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳಲ್ಲಿ ನೀರಿನಂಶ ಕಡಿಮೆ ಇರುವುದರಿಂದ ರೋಗಾಣುಗಳು ಬೆಳೆಯುವುದಿಲ್ಲ. ಹೊರಗಿನ ಹಸಿ ಚಟ್ನಿ, ಕತ್ತರಿಸಿಟ್ಟ ಹಣ್ಣುಗಳಿಗಿಂತ ಇವು ಎಷ್ಟೋ ಮೇಲು. ಆದರೆ ಘಟ್ಟದ ತೇವದ ಗಾಳಿಗೆ ರೊಟ್ಟಿಯೂ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಕಾಡಿನಲ್ಲಿರುವಾಗ

ಒಣ ಹವೆಗೆ ಒಗ್ಗಿದ ನಮ್ಮ ಮೈಗೆ ಮಳೆಕಾಡಿನ ಹವೆ ಹೊಸದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅಂಥ ಕಡೆ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ. ನೆರಳಿನಲ್ಲಿದ್ದೇವೆ ಎಂಬ ಭ್ರಮೆಯಲ್ಲಿ ನೀರು ಕುಡಿಯುವುದನ್ನು ಮರೆಯುತ್ತೇವೆ. ಮಕ್ಕಳಿಗೆ ಮತ್ತು ಮುದುಕರಿಗೆ ಗಂಟೆಗೊಮ್ಮೆ ನೆನಪಿಸಿ ನೀರು ಕೊಡಿ. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಕುಡಿಯಬೇಡಿ. ವಾಂತಿ-ಭೇದಿಯಾದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ.

ತರಗೆಲೆಗಳ ಮೇಲೆ ಕುಳಿತುಕೊಳ್ಳುವುದು, ಮಲಗುವುದು ಬೇಡ. ಸಂಜೆ ಕೋಣೆಗೆ ಬಂದ ಕೂಡಲೇ ಬಟ್ಟೆ ಕಳಚಿ ಬಿಸಿನೀರಿನಲ್ಲಿ ನೆನೆಹಾಕಿ. ಸಾಬೂನು ಹಚ್ಚಿ ಸ್ನಾನ ಮಾಡುತ್ತ ಕಂಕುಳು, ತೊಡೆಯ ಸಂದು, ಕಿವಿಯ ಹಿಂದೆ, ಮಕ್ಕಳಾದರೆ ತಲೆಗೂದಲಿನ ನಡುವೆ ಹುಡುಕಿ. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು, ಉಗುರಿನಿಂದ ಚಿವುಟಿ ಒಡೆಯುವುದು ತಪ್ಪು. ಒಡೆದರೆ ಅದರೊಳಗಿನ ರೋಗಾಣು ನಿಮ್ಮ ಬೆರಳಿಗೆ ಬರುತ್ತದೆ.

ಮಳೆಗಾಲದಲ್ಲಿ ಹೋದವರಿಗೆ ಉಣ್ಣೆಗಿಂತ ಇಂಬಳದ ಕಾಟ ಹೆಚ್ಚು. ಅದನ್ನು ನೋಡಿ ಕಿರುಚುವ ಅಗತ್ಯವಿಲ್ಲ. ಅದು ಕುಡಿಯುವ ರಕ್ತ ಅಲ್ಪ. ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ, ತೊಳೆದು, ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಒಸರುತ್ತದೆ. ಸಕ್ಕರೆ ಕಾಯಿಲೆಯವರು ಆ ಗಾಯವನ್ನು ಅಲಕ್ಷಿಸಬಾರದು. ಕಾಲಿನಲ್ಲಿ ಗಾಯವಿರುವವರು ಕೆಸರು ನೀರಿಗೆ ಇಳಿಯಬೇಡಿ, ಇಲಿ ಜ್ವರದ ರೋಗಾಣು ಆ ದಾರಿಯಿಂದಲೇ ಒಳಗೆ ಹೋಗುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿ. ನಮ್ಮಲ್ಲಿ ಸಿಗುವ ಹಾವಿನ ವಿಷದ ಔಷಧವನ್ನು ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗಾಗಿ ಮಾಡಿರುತ್ತಾರೆ. ಮಲೆನಾಡಿನ ಕಾಳಿಂಗ ಸರ್ಪಕ್ಕೆ ಅದು ತಕ್ಕ ಔಷಧವಲ್ಲ. ಆದ್ದರಿಂದ ಅಲ್ಲಿ ನೋಡಿ ನಡೆಯುವುದು, ಕತ್ತಲಾದ ಮೇಲೆ ಟಾರ್ಚ್ ಹಿಡಿಯುವುದು ಎರಡು ಪಟ್ಟು ಮುಖ್ಯ.

ಕಾಡಿನ ಜನರ ಊರಿನಲ್ಲಿ

ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿದ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ನದಿಯ ಹೆಸರಿಟ್ಟರು. ಅಲ್ಲಿಗೆ ಮಂಗಟ್ಟೆ ಹಕ್ಕಿ, ಕಪ್ಪು ಚಿರತೆ ನೋಡಲೆಂದು ಹೋದವರು ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಜನರ ಊರುಗಳನ್ನೂ ನೋಡಲು ಬಯಸುತ್ತಾರೆ. ಸಿದ್ದಿಗಳ ಹಿರಿಯರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಶತಮಾನಗಳ ಹಿಂದೆ ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು; ತಪ್ಪಿಸಿಕೊಂಡವರು, ಬಿಡುಗಡೆಯಾದವರು ಈ ಕಾಡಿನಲ್ಲಿ ನೆಲೆ ಕಂಡುಕೊಂಡರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಅವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಅವರ ಡಮಾಮಿ ಕುಣಿತ ನೋಡಲು ಹೋಗುವವರು ಅವರೂ ನಮ್ಮ ಹಾಗೆ ಹೊಲ-ಮನೆ ಇರುವ ಕನ್ನಡನಾಡಿನವರು ಎಂಬುದನ್ನು ಮರೆಯಬಾರದು. ಕೇಳದೆ ಫೋಟೋ ತೆಗೆಯುವುದು, ಮಕ್ಕಳ ಕೂದಲು ಮುಟ್ಟಿ ನೋಡುವುದು ಅಸಭ್ಯ. ಇದರಲ್ಲಿ ಆರೋಗ್ಯದ ಮಾತೂ ಇದೆ. ನಿಮಗೆ ಕೆಮ್ಮು-ನೆಗಡಿ ಇದ್ದರೆ, ಮಗುವಿಗೆ ಗೋವರ ಅಥವಾ ಸಿಡುಬಿನಂಥ ಗುಳ್ಳೆ ಎದ್ದಿದ್ದರೆ, ಆಸ್ಪತ್ರೆ ದೂರವಿರುವ ಊರಿಗೆ ಆ ರೋಗ ಒಯ್ಯಬೇಡಿ. ಅವರ ಬಗ್ಗೆ ಒಳ್ಳೆಯದು ತಿಳಿಯಬೇಕಾದರೆ ಹಿರಿಯರ ಹತ್ತಿರ ಕುಳಿತು ಮಾತಾಡಿಸಿ. ಈ ವರ್ಷ ಕಾಡಿನ ಯಾವ ಭಾಗಕ್ಕೆ ಹೋಗಬಾರದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮಧ್ಯ ಆಫ್ರಿಕಕ್ಕೆ ಹೋಗುವವರಿಗೆ

ಆಫ್ರಿಕ ನಮ್ಮ ಜನರಿಗೆ ತೀರ ದೂರವೇನೂ ಅಲ್ಲ. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಎಣ್ಣೆ, ಗಿಡಮೂಲಿಕೆಗಳ ವ್ಯಾಪಾರಕ್ಕೆ ಆ ಖಂಡದ ದೇಶಗಳಿಗೆ ಹೋಗಿ ಬರುವುದು, 2023ರ ಏಪ್ರಿಲಿನಲ್ಲಿ ಸುಡಾನಿನ ಕಾಳಗದಲ್ಲಿ ಅವರು ಸಿಕ್ಕಿಕೊಂಡಾಗ ಎಲ್ಲರಿಗೂ ತಿಳಿಯಿತು. ಸುಡಾನಿಗಿಂತ ಆಚೆ, ಗ್ಯಾಬನ್, ಕಾಂಗೊ, ಕ್ಯಾಮರೂನ್, ಮಧ್ಯ ಆಫ್ರಿಕ ಗಣರಾಜ್ಯಗಳಲ್ಲಿ ದೊಡ್ಡ ಮಳೆಕಾಡು ಹರಡಿದೆ. ಗ್ಯಾಬನ್ನಿನ ಲೋಪೆ, ಕಾಂಗೊದ ಒಡ್ಜಾಲಾ, ಬಾ-ಆಕಾ ಜನರು ದಾರಿ ತೋರಿಸುವ ಜಾಂಗಾ-ಸಾಂಗಾ ಇವು ಗೊರಿಲ್ಲಾ ಮತ್ತು ಕಾಡಾನೆಗಳಿಗೆ ಹೆಸರಾದವು. ಇವುಗಳಲ್ಲಿ ಕೆಲವು ದೇಶಗಳಲ್ಲಿ ಆಗಾಗ ಗಲಭೆಯಾಗುತ್ತದೆ. ಟಿಕೆಟ್ ತೆಗೆಸುವ ಮೊದಲು ಭಾರತ ಸರ್ಕಾರದ ಎಚ್ಚರಿಕೆಗಳನ್ನು ನೋಡಿಕೊಳ್ಳಿ.

ಮೊದಲನೆಯದು ಹಳದಿ ಜ್ವರದ ಲಸಿಕೆ. ಇದನ್ನು ಎಲ್ಲ ಆಸ್ಪತ್ರೆಗಳಲ್ಲಿ ಹಾಕುವುದಿಲ್ಲ. ಸರ್ಕಾರ ಗೊತ್ತುಪಡಿಸಿದ ಕೇಂದ್ರಕ್ಕೆ, ಅಂದರೆ ಬೆಂಗಳೂರಿನಂಥ ಊರಿಗೆ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿರಬೇಕು. ಆಗ ಕೊಡುವ ಪ್ರಮಾಣಪತ್ರ 2016ರ ಜುಲೈನಿಂದ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಮರಳಿದವರನ್ನು ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದು ಸುಮ್ಮನೆ ಮಾಡಿದ ಕಾನೂನಲ್ಲ. ಹಳದಿ ಜ್ವರ ಭಾರತದಲ್ಲಿ ಇಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಮನೆಯ ನೀರಿನ ತೊಟ್ಟಿಯಲ್ಲೇ ಹುಟ್ಟುತ್ತದೆ. ಒಬ್ಬ ರೋಗಿ ಬಂದರೂ ಅನಾಹುತವಾದೀತು. 9 ತಿಂಗಳೊಳಗಿನ ಕೂಸುಗಳಿಗೆ, ಮೊಟ್ಟೆ ತಿಂದರೆ ತೀವ್ರ ಅಲರ್ಜಿಯಾಗುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಲಸಿಕೆ ಕೊಡುವುದಿಲ್ಲ. 60 ವರ್ಷ ದಾಟಿದವರು ಮತ್ತು ಗರ್ಭಿಣಿಯರು ವೈದ್ಯರೊಡನೆ ಚರ್ಚಿಸದೆ ಹಾಕಿಸಿಕೊಳ್ಳಬಾರದು.

ಎರಡನೆಯದು ಮಲೇರಿಯಾ. ಅಲ್ಲಿಯದು ಬಹುಪಾಲು ಫಾಲ್ಸಿಪಾರಂ ಎಂಬ ಜಾತಿಯದು. ಮಿದುಳಿಗೆ ಏರಿ ಒಂದೆರಡು ದಿನಗಳಲ್ಲೇ ಪ್ರಾಣ ತೆಗೆಯಬಲ್ಲದು. ಅದಕ್ಕೆ ಲಸಿಕೆಯನ್ನು ನಂಬಿ ಪ್ರವಾಸಿ ಹೋಗುವಂತಿಲ್ಲ, ಗುಳಿಗೆ ನುಂಗಬೇಕು. ಹೊರಡುವ ಮೊದಲೇ ಶುರು ಮಾಡಿ, ಅಲ್ಲಿದ್ದಷ್ಟು ದಿನವೂ ನುಂಗಿ, ಮರಳಿದ ಮೇಲೂ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ 4 ವಾರ ನುಂಗಬೇಕು. ಊರಿಗೆ ಬಂದೆವಲ್ಲ ಎಂದು ನಡುವೆ ಬಿಡುವವರೇ ಹೆಚ್ಚು. ಯಾರಿಗೆ ಯಾವ ಗುಳಿಗೆ ಎಂಬುದನ್ನು ವೈದ್ಯರು ನಿರ್ಧರಿಸಲಿ. ಗರ್ಭಿಣಿಯರು ಮತ್ತು ಪುಟ್ಟ ಮಕ್ಕಳ ತಾಯಂದಿರು ಈ ಪ್ರವಾಸವನ್ನು ಮುಂದೂಡುವುದೇ ಲೇಸು. ರಾತ್ರಿ ಔಷಧ ಲೇಪಿಸಿದ ಸೊಳ್ಳೆ ಪರದೆ ಇರಲಿ. ನಿದ್ರಾರೋಗ ಹರಡುವ ಸೆಟ್ಸಿ ನೊಣ ನೀಲಿ ಮತ್ತು ಕಪ್ಪು ಬಣ್ಣಕ್ಕೆ ಮುಗಿಬೀಳುತ್ತದೆ, ಆ ಬಣ್ಣದ ಬಟ್ಟೆ ಬೇಡ.

ಮೂರನೆಯದು, ಸತ್ತ ಪ್ರಾಣಿಯ ವಿಷಯ. ಕ್ಯಾಸನೂರಿನ ಪಾಠ ಇಲ್ಲಿಯೂ ಅದೇ. 1976ರಲ್ಲಿ ಆಗಿನ ಜಾಯಿರ್ ದೇಶದ ಎಬೋಲಾ ನದಿಯ ಸೀಮೆಯಲ್ಲಿ ಕಂಡ ರೋಗ, 2000ದ ನಂತರದ ವರ್ಷಗಳಲ್ಲಿ ಗ್ಯಾಬನ್-ಕಾಂಗೊ ಗಡಿಯ ಕಾಡುಗಳಲ್ಲಿ ಸಾವಿರಾರು ಗೊರಿಲ್ಲಾಗಳನ್ನು ಕೊಂದಿತು. ಸತ್ತ ಪ್ರಾಣಿಯನ್ನು ಮುಟ್ಟಿದ ಮನುಷ್ಯರಿಗೂ ತಗುಲಿತು. ಮಲೆನಾಡಿನ ಸತ್ತ ಮಂಗವಾಗಲಿ, ಕಾಂಗೊದ ಸತ್ತ ಗೊರಿಲ್ಲಾ ಆಗಲಿ, ಹತ್ತಿರ ಹೋಗದೆ ಅಧಿಕಾರಿಗಳಿಗೆ ತಿಳಿಸುವುದಷ್ಟೇ ನಿಮ್ಮ ಕೆಲಸ. ಕಾಡುಪ್ರಾಣಿಯ ಮಾಂಸವನ್ನು ರುಚಿ ನೋಡಲೂ ಬೇಡಿ. ಬದುಕಿರುವ ಗೊರಿಲ್ಲಾಕ್ಕೂ ನಮ್ಮಿಂದ ಅಪಾಯವಿದೆ. ನಮ್ಮ ನೆಗಡಿ ಅದಕ್ಕೆ ನ್ಯುಮೋನಿಯಾ ಆಗಬಹುದು. ಅದಕ್ಕೇ 7ರಿಂದ 10 ಮೀಟರ್ ದೂರ ನಿಲ್ಲಿಸುತ್ತಾರೆ, ಮೂಗು-ಬಾಯಿ ಮುಚ್ಚಿಕೊಳ್ಳಲು ಹೇಳುತ್ತಾರೆ.

ಮರಳಿದ ಮೇಲೆ ಜ್ವರ ಬಂದರೆ

ನಮ್ಮ ಕಡೆ ಜ್ವರ ಎಂದ ಕೂಡಲೇ ವೈದ್ಯರ ಮನಸ್ಸಿಗೆ ಬರುವುದು ಟೈಫಾಯಿಡ್, ಡೆಂಗಿ, ಸಾದಾ ವೈರಸ್ ಜ್ವರ. ಬಾದಾಮಿಯಲ್ಲಿ ಕುಳಿತ ವೈದ್ಯರಿಗೆ ಮಂಗನ ಕಾಯಿಲೆಯನ್ನಾಗಲಿ, ಆಫ್ರಿಕದ ಮಲೇರಿಯಾವನ್ನಾಗಲಿ ಅನುಮಾನಿಸುವ ಕಾರಣ ನೀವು ಹೇಳಿದರೆ ಮಾತ್ರ ಸಿಗುತ್ತದೆ.

ಮಂಗನ ಕಾಯಿಲೆ ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಶುರುವಾಗುತ್ತದೆ. ಒಮ್ಮೆಲೇ ಏರುವ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು, ಕೆಂಪು ಕಣ್ಣು, ವಾಂತಿ. ಕೆಲವರಲ್ಲಿ ಒಸಡು, ಮೂಗಿನಿಂದ ರಕ್ತ. ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿ ಎಂದೇ ತೋರುತ್ತದೆ. ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಕೆಲವರಿಗೆ ಮತ್ತೆ ಮರಳಿ, ಗೊಂದಲ, ನಡುಕ ಕಾಣಿಸಬಹುದು. ಇದಕ್ಕೆ ನೇರ ಔಷಧವಿಲ್ಲ. ಆದರೆ ಬೇಗ ಗುರುತಿಸಿ, ದ್ರವ ಕೊಟ್ಟು, ರಕ್ತಸ್ರಾವ ನೋಡಿಕೊಂಡರೆ ಹೆಚ್ಚಿನವರು ಬದುಕುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆಗಳು ರಕ್ತಸ್ರಾವ ಹೆಚ್ಚಿಸುತ್ತವೆ, ಅಂಗಡಿಯಿಂದ ತಂದು ನುಂಗಬೇಡಿ. ಒಂದು ವಾರ ದಾಟಿದ ಮೇಲೆ ಜ್ವರ ಬಂದು, ಕಂಕುಳಲ್ಲೋ ತೊಡೆಸಂದಿಯಲ್ಲೋ ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ಅದು ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇರಬಹುದು. ಇದು ಸರಿಯಾದ ಔಷಧಕ್ಕೆ ಬೇಗ ಬಗ್ಗುವ ರೋಗ, ಗುರುತಿಸದಿದ್ದರೆ ಮಾತ್ರ ಅಪಾಯಕಾರಿ.

ಆಫ್ರಿಕದಿಂದ ಬಂದವರಿಗೆ ಮೂರು ತಿಂಗಳೊಳಗೆ ಯಾವ ಜ್ವರ ಬಂದರೂ, ಗುಳಿಗೆ ನುಂಗಿದ್ದರೂ ಸಹ, ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಆಗಬೇಕು. ಒಮ್ಮೆ ಇಲ್ಲ ಎಂದು ಬಂದರೆ ಸಾಲದು. ಜ್ವರ ಮುಂದುವರಿದರೆ ಮರುದಿನ ಮತ್ತೆ ಮಾಡಿಸಬೇಕು.

ಆದ್ದರಿಂದ ಪ್ರವಾಸದಿಂದ ಬಂದ ದಿನವೇ ಒಂದು ಚೀಟಿ ಬರೆದು, ಮನೆಯವರೆಲ್ಲ ನೋಡುವ ಕ್ಯಾಲೆಂಡರಿಗೆ ಸಿಕ್ಕಿಸಿಡಿ. ಅದರಲ್ಲಿ ಇಷ್ಟು ಇರಲಿ:

1. ಹೋದ ಕಾಡು, ಊರು, ತಾಲ್ಲೂಕು ಅಥವಾ ದೇಶದ ಹೆಸರು.
2. ಕಾಡಿಗೆ ಕಾಲಿಟ್ಟ ತಾರೀಖು, ಹೊರಬಂದ ತಾರೀಖು.
3. ಉಣ್ಣೆ, ಇಂಬಳ, ಮಂಗ, ನಾಯಿ ಯಾವುದಾದರೂ ಕಚ್ಚಿತ್ತೇ, ಯಾರಿಗೆ, ಯಾವ ದಿನ.
4. ಹಾಕಿಸಿಕೊಂಡ ಲಸಿಕೆ, ನುಂಗಿದ ಗುಳಿಗೆ.
5. ಅಲ್ಲಿ ಸತ್ತ ಮಂಗ ಕಂಡಿತ್ತೇ, ಊರಿನಲ್ಲಿ ಜ್ವರವಿತ್ತೇ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಈ ಚೀಟಿಯನ್ನು ಮೊದಲು ವೈದ್ಯರ ಕೈಗೆ ಕೊಟ್ಟು, ಆಮೇಲೆ ನಾಲಿಗೆ ತೋರಿಸಿ. ಮೂರು ತಿಂಗಳು ಏನೂ ಆಗದಿದ್ದರೆ ಸಂತೋಷ. ಚೀಟಿ ತೆಗೆದು, ಮುಂದಿನ ಪ್ರವಾಸದ ಮಾತು ಶುರು ಮಾಡಬಹುದು.